ಕತ್ತಲೆಯ ವೇಳಾಪಟ್ಟಿ ಕನ್ನಡದಲ್ಲಿರಲಿ



ಕರೆಂಟು ಹೋದೊಡನೆ ಲೈನ್‌ಮನ್‌ನನ್ನು ಬಯ್ಯುವುದು ನಮ್ಮೂರಿನ ಹಳೇ ಚಾಳಿ. ಪಾಪ, ಕಲ್ಲಿದ್ದಲು ತರಿಸುವವನು ಅವನಲ್ಲ, ಮಳೆ ಸುರಿಸುವವನೂ ಅವನಲ್ಲ!

ಈ ಬೆಂಗಳೂರಿಗೆ ಬೆಳಕು ಎಲ್ಲಿಂದ ಬಂತು, ಸ್ವಲ್ಪ ನೆನೆಯಿರಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಅಂದರೆ ಬ್ರಿಟಿಷ್ ಕಂಪನಿಯ ಲಾಭಕ್ಕೆ. ನಮ್ಮ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆಮೇಲೆ ಲಿಂಗನಮಕ್ಕಿ ಕಟ್ಟಿದರು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಮುಳುಗಡೆ ಸಂತ್ರಸ್ತರಲ್ಲಿ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿವೆ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿದರೆ ಬೂದಿ ಉಳಿಯುವುದು ಶಕ್ತಿನಗರದಲ್ಲಿ, ಎಂ.ಜಿ. ರಸ್ತೆಯಲ್ಲಲ್ಲ. ಹೊಳೆ ಕೊಟ್ಟವರು, ನೆಲ ಕೊಟ್ಟವರು ಕನ್ನಡಿಗರು. ಮಳೆ ಕೈಕೊಟ್ಟ 2023ರ ಅಕ್ಟೋಬರ್‌ನಲ್ಲಿ ಏಳು ಗಂಟೆಯ ತ್ರೀಫೇಸ್ ಐದಕ್ಕಿಳಿದಾಗ ಬೀದಿಗಿಳಿದವರೂ ನಮ್ಮ ರೈತರೇ.

ಕೊರತೆ ಇದ್ದಾಗ ಕಡಿತ ಬೇಡವೆನ್ನುವುದು ಮೂರ್ಖತನ. ಬಳಕೆ ಉತ್ಪಾದನೆಯನ್ನು ಮೀರಿದರೆ 50 ಹರ್ಟ್ಜ್ ಇರಬೇಕಾದ ಆವರ್ತನ ಕುಸಿಯುತ್ತದೆ. ಆಗ ಒಂದಷ್ಟು ಫೀಡರ್ ಆರಿಸದಿದ್ದರೆ ಇಡೀ ಜಾಲವೇ ಮಲಗೀತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಜಾಲ ಕುಸಿದು ಕೋಟಿಗಟ್ಟಲೆ ಜನ ಕತ್ತಲಲ್ಲಿ ಕೂತರು. ನಮ್ಮ ಜಗಳ ಕಡಿತದ ಮೇಲಲ್ಲ, ಹೇಳದೆ ಕೇಳದೆ ಮಾಡುವ ಕಡಿತದ ಮೇಲೆ. ಹೇಳಿದರೂ ತಿಳಿಯದ ಭಾಷೆಯಲ್ಲಿ ಹೇಳುವ ದರ್ಪದ ಮೇಲೆ!

ಟೆಕ್ ಪಾರ್ಕಿಗೆ ಜನರೇಟರ್ ಇದೆ. ದೊಡ್ಡ ಅಪಾರ್ಟ್‌ಮೆಂಟಿಗೂ ಇದೆ. ಅಲ್ಲಿ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ. ವೇಳೆ ತಿಳಿಯಲೇಬೇಕಾದವರು ಬೇರೆ: ಕಬ್ಬನ್‌ಪೇಟೆಯ ಮಗ್ಗದವರು, ಹಿಟ್ಟಿನ ಗಿರಣಿಯವರು, ಜೆರಾಕ್ಸ್ ಅಂಗಡಿಯ ಹುಡುಗ, ವಠಾರದಲ್ಲಿ ಎಸ್ಸೆಸ್ಸೆಲ್ಸಿಗೆ ಓದುವ ಹುಡುಗಿ. ಇವರ ಕೈಗೆ 'ಶೆಡ್ಯೂಲ್ಡ್ ಔಟೇಜ್' ಎಂದು ಇಂಗ್ಲಿಷಿನಲ್ಲೊಂದು ಚೀಟಿ ಕೊಟ್ಟರೆ ಅದು ತಿಳಿಸಿದಂತಾಯಿತೇ? ಯೋಜಿತ ಕಡಿತವನ್ನು ಗ್ರಾಹಕರಿಗೆ ತಿಳಿಸಬೇಕೆಂದು ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಹೇಳುತ್ತದೆ. ಕನ್ನಡ ಈ ನಾಡಿನ ರಾಜಭಾಷೆ ಎಂದು 1963ರಲ್ಲೇ ಕಾಯ್ದೆ ಬಂದಿದೆ. ಎರಡನ್ನೂ ಜೋಡಿಸಿ ಓದಿ, ಸಾಕು.

ಬೇಸಿಗೆ ಬರುವ ಮೊದಲೇ ನಾಲ್ಕು ಜನ ಸೇರಿ ನಿಮ್ಮ ಬಡಾವಣೆಯ ವಿದ್ಯುತ್ ಉಪವಿಭಾಗದ ಕಚೇರಿಗೆ ಹೋಗಿ. ಗಲಾಟೆ ಬೇಡ, ಕಲ್ಲು ಬೇಡ. ಯಾವ ಬೀದಿಗೆ, ಯಾವ ದಿನ, ಎಷ್ಟರಿಂದ ಎಷ್ಟು ಗಂಟೆಯವರೆಗೆ ಕಡಿತ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಮೊಬೈಲಿಗೂ ಕಳಿಸಲಿ, ನ್ಯಾಯಬೆಲೆ ಅಂಗಡಿಯ ಗೋಡೆಗೂ ಅಂಟಿಸಲಿ ಎಂದು ಬರೆದುಕೊಡಿ. ಅರ್ಜಿ ಕನ್ನಡದಲ್ಲೇ ಇರಲಿ. 'ಇಟ್ಟು ಹೋಗಿ, ನೋಡೋಣ' ಎಂದರೆ ಏಳಬೇಡಿ. ನಕಲಿನ ಮೇಲೆ ಸ್ವೀಕೃತಿಯ ಮುದ್ರೆ, ತಾರೀಕು ಹಾಕಿಸಿಕೊಂಡೇ ಬನ್ನಿ.