ಮೂಗು ಬಿಡಿಸದ ಗುಳಿಗಿ

ನಾನು ಏಳನೇ ಇಯತ್ತೆ ಕಲಿತು ಒಕ್ಕಲತನ ಮಾಡುವವ. ರಾತ್ರಿ ಗೀಗೀ ಪದ ಹಾಡತೀನಿ. ಔಷಧದ ಬಗ್ಗೆ ಬರೆಯಾಕ ಇವನ್ಯಾರು ಅಂದೀರಿ. ಮೂಗು ಕಟ್ಟಿದ್ದು ನನ್ನದು, ರೊಕ್ಕ ಹೋಗಿದ್ದೂ ನನ್ನದು.

ಹೋದ ಚಳಿಗಾಲ ಜಾತ್ರಿ ಹಾಡಕಿ ಮುಂದ ನನಗ ಪಡಶ ಹಿಡೀತು. ಜತ್ತ ತಾಲೂಕಿನ ನಮ್ಮೂರಾಗ ಕಿರಾಣಿ ಅಂಗಡಿಯೊಳಗ ಬೆಲ್ಲ, ಬೀಡಿ ಜೋಡಿ ಪಡಶದ ಗುಳಿಗಿನೂ ಸಿಗತಾವ. ಎರಡು ದಿನ ನುಂಗಿದೆ. ಮೂಗು ಬಿಡಲಿಲ್ಲ, ಗಂಟಲು ಒಣಗಿತು, ತೂಕಡಿಕಿ ಬಂತು. ತುಂತುಣಿ ಬಾರಿಸುವವ "ಮಾವಾ, ಪದಾನ ಮರತೀರಲ್ಲಾ" ಅಂತ ನಕ್ಕ.

ಮಾಸ್ತರರ ಕಡೆ ಗುಳಿಗಿ ಪಟ್ಟಿ ಓದಿಸಿದೆ. ಮೂಗು ಬಿಡಿಸಾಕಂತ ಹಾಕಿದ್ದು ಫಿನೈಲ್‌ಎಫ್ರಿನ್, 10 ಮಿಲಿಗ್ರಾಂ. ವಾಚನಾಲಯದಾಗ ಹಳೆ ಪತ್ರಿಕೆ ತಿರುವಿದರ ಅದೇ ಹೆಸರು ಸಿಕ್ಕಿತು. 2023ರ ಸಪ್ಟೆಂಬರದಾಗ ಅಮೆರಿಕಾದ ಔಷಧ ಇಲಾಖೆ ಕೂಡಿಸಿದ 16 ಮಂದಿ ತಜ್ಞರು, ಒಬ್ಬರೂ ಬಿಡದ, ಈ ಅಳತಿಯೊಳಗ ಇದನ್ನ ನುಂಗಿದರ ಮೂಗು ಬಿಡೂದಿಲ್ಲ ಅಂದಾರ. 2024ರ ನವೆಂಬರದಾಗ ಆ ಇಲಾಖೆ, ನುಂಗೂ ಔಷಧದಿಂದ ಇದನ್ನ ತೆಗೆಯೋಣು ಅಂತ ಪ್ರಸ್ತಾಪ ಇಟ್ಟಿತು. ಬಾಯಿಲೆ ನುಂಗಿದ್ದು ಕರುಳು ದಾಟೂದರಾಗ ಬಹಳಷ್ಟು ಕೆಟ್ಟು ಹೋಗತೈತಂತ. ಬಾವಿ ನೀರು ಹೊಲ ಮುಟ್ಟೂದರೊಳಗ ಕಾಲುವ್ಯಾಗ ಇಂಗಿದಂಗ! ಮೂಗಿನಾಗ ಬಿಡೂ ಹನಿ ಮಾತು ಬ್ಯಾರೆ.

"ನುಂಗಿದರ ನನಗ ಹಗರ ಆಗತೈತಿ" ಅಂತಾರ ಕೆಲವರು. ಆಗತಿರಬೇಕು. ಅದೇ ಗುಳಿಗ್ಯಾಗ ಪ್ಯಾರಾಸಿಟಮಾಲ್ ಐತಿ, ಜ್ವರ, ಮೈಕೈ ನೋವು ಇಳಸತೈತಿ. ಪಡಶ ಹೆಂಗೂ ವಾರದಾಗ ತಾನ ಹೋಗತೈತಿ.

ರೊಕ್ಕ ಹೋಗಲಿ ಬಿಡ್ರಿ, ನನ್ನ ಸಿಟ್ಟು ಬ್ಯಾರೆ ಐತಿ. 2023ರ ಡಿಸೆಂಬರದಾಗ ನಮ್ಮ ದೇಶದ ಔಷಧ ನಿಯಂತ್ರಕರು, ಫಿನೈಲ್‌ಎಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ ಕೂಡಿಸಿದ ಹನಿ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಂಗಂತ ಡಬ್ಬಿ ಮ್ಯಾಲೆ ಅಚ್ಚು ಹಾಕ್ರಿ ಅಂದರು. ಎರಡೂವರಿ ವರ್ಷದ ನನ್ನ ಮೊಮ್ಮಗನಿಗೆ ಸೊಸಿ ಅದೇ ಹನಿ ಕುಡಿಸಿದಳು. ಕೂಸು ಮರುದಿನ ಮಧ್ಯಾಹ್ನದ ತನಕ ಕಣ್ಣು ಬಿಡಲಿಲ್ಲ. ದವಾಖಾನಿಗೆ ಓಡಿದಿವಿ. ಈಗ ಆರಾಮ ಐತಿ.

ತಪ್ಪು ಅಕಿದಲ್ಲ. ಕನ್ನಡ ಸಾಲ್ಯಾಗ ಕಲಿತಾಕಿ, ಮರಾಠಿನೂ ಓದತಾಳ. ಆ ಡಬ್ಬಿ ಮ್ಯಾಲೆ ಎರಡೂ ಇರಲಿಲ್ಲ. ಇದ್ದದ್ದು ಇಂಗ್ಲಿಷು, ಇರುವಿ ಕಾಲಿನಂಥಾ ಅಕ್ಷರ. ಔಷಧ ಮಾರಾಕ ನಮ್ಮ ಹಳ್ಳಿ ಬೇಕು, ಎಚ್ಚರಿಕಿ ಹೇಳಾಕ ನಮ್ಮ ಭಾಷೆ ಯಾಕ ಬ್ಯಾಡ?

ಮಾಸ್ತರರೇ, ಈ ಎರಡು ಹೆಸರು ವಾಚನಾಲಯದ ಫಲಕದ ಮ್ಯಾಲೆ ದಪ್ಪ ಕನ್ನಡದಾಗ ಬರೀರಿ, ಕೆಳಗ ಮರಾಠಿಯೊಳಗೂ ಬರೀರಿ. ಅಂಗಡಿಯವ ಸಿಟ್ಟಾದರ ನನ್ನ ಹೆಸರು ಹೇಳ್ರಿ.