ವಯಸ್ಕ ವಲಸಿಗರ ಅಕ್ಷರಾಭ್ಯಾಸ
ವಯಸ್ಕ ವಲಸಿಗರಿಗೆ 1948ರಿಂದಲೂ ಇಂಗ್ಲಿಷು ಕಲಿಸುತ್ತ ಬಂದಿರುವ ಆಸ್ಟ್ರೇಲಿಯಾ ಸರಕಾರವು, ಸಾಮಾನ್ಯವಾಗಿ ವಿಧಿಸಿದ್ದ 510 ಘಂಟೆಗಳ ಮಿತಿಯನ್ನು 2021ರಲ್ಲಿ ತೆಗೆದುಹಾಕಿದ್ದು ಸ್ತುತ್ಯವೇ ಸರಿ. ಆದರೆ ಘಂಟೆಗಳು ಹೆಚ್ಚಿದ ಮಾತ್ರಕ್ಕೆ ಕಾರ್ಯವಾಯಿತೆ? ಯುದ್ಧದಿಂದ ನಿರಾಶ್ರಿತಳಾಗಿ ಬಂದ, ಸ್ವಭಾಷೆಯಲ್ಲಿಯೂ ಓದುಬರಹವರಿಯದ ಆಫ್‌ಘನ್ ತಾಯಿಯು ಸೀಸದಕಡ್ಡಿ ಹಿಡಿಯುವುದನ್ನೇ ಮೊದಲು ಕಲಿಯಬೇಕಾಗಿರುವಾಗ, ಆಕೆಯ ಮುಂದೆ ವ್ಯಾಕರಣದ ಕೋಷ್ಟಕವನ್ನಿಡುವುದು ವ್ಯರ್ಥ. ಅಕ್ಷರವು ಧ್ವನಿಯ ಗುರುತೆಂಬ ತಿಳಿವು ತಾನಾಡುವ ದರಿ ಅಥವಾ ಪಷ್ತೋ ನುಡಿಯಲ್ಲಿ ಸುಲಭವಾಗಿ ಮೂಡೀತು. ಅರ್ಥವೇ ಆಗದ ಪರಭಾಷೆಯಲ್ಲಿ ಕಷ್ಟ. ಪಾಠಶಾಲೆಯ ಮರಳಿನಲ್ಲಿ ನಾವು ತಿದ್ದಿದ್ದೂ ಮನೆಮಾತಿನ ಅಕ್ಷರಗಳನ್ನೇ ಅಲ್ಲವೆ? ಅಂಗಡಿ, ಆಸ್ಪತ್ರೆ, ಬಸ್ಸುಗಳಿಗೆ ಬೇಕಾದ ಇಂಗ್ಲಿಷನ್ನು ಮೊದಲು ಬಾಯಿಮಾತಿನಲ್ಲಿ ಕಲಿಸಿ, ಜೊತೆಯಲ್ಲಿಯೇ ತಾಯ್ನುಡಿಯ ಅಕ್ಷರಾಭ್ಯಾಸ ಮಾಡಿಸಬಲ್ಲ ದ್ವಿಭಾಷಾ ಉಪಾಧ್ಯಾಯರಿಗಾಗಿ ಅಲ್ಲಿನ ಅಧಿಕಾರಿಗಳು ಹಣ ವೆಚ್ಚಮಾಡಬೇಕು. ಇದಕ್ಕೆ ಹಿಂಜರಿದು, ಐದಾರು ಮಕ್ಕಳನ್ನು ಸಾಕಿ ಗಡಿ ದಾಟಿಸಿ ತಂದವಳನ್ನು ಮಂದಬುದ್ಧಿಯವಳೆಂದು ಹಿಂದಿನ ಬೆಂಚಿನಲ್ಲಿ ಕೂಡಿಸುವುದನ್ನು ನಾವು ಒಪ್ಪಲಾರೆವು.