ಒಲೆಯ ಪಕ್ಕದ ಫೋನು



ಹೋದ ವಾರ ಒಲೆ ಪಕ್ಕದಲ್ಲೇ ಫೋನನ್ನು ಚಾರ್ಜಿಗೆ ಹಾಕಿ, ಐದು ತಿಂಗಳ ಬಸುರಿ ಮಗಳ ಜೊತೆ ವೀಡಿಯೊದಲ್ಲಿ ಮಾತಾಡ್ತಾ ಹೋಳಿಗೆ ಬೇಯಿಸ್ತಿದ್ದೆ. "ಫೋನ್ ಬಿಸಿಯಾಗಿದೆ" ಅಂತ ಪರದೆ ಮೇಲೆ ಬಂತು. ಬೆರಳಲ್ಲಿ ಒರೆಸಿ ಹಾಕಿದೆ. ಚಿತ್ರ ತಡವರಿಸತೊಡಗಿತು. "ಅಮ್ಮಾ, ಹೊಟ್ಟೇಲಿ ಏನೋ..." ಅಂದಳು, ಅಷ್ಟರಲ್ಲಿ ಫೋನ್ ಆರಿಹೋಯಿತು! ನನ್ನ ಎದೆ ಧಸಕ್ಕೆಂದಿತು. ನಮ್ಮವರ ಫೋನಿಂದ ಕೇಳಿದರೆ, ಮಗು ಮೊದಲ ಸಲ ಮಿಸುಕಿತಂತೆ! ಆ ಮಾತು ಕೇಳೋ ಹೊತ್ತಿಗೆ ನನ್ನ ಜೀವ ಅರ್ಧ ಆಗಿತ್ತು.

ಆಮೇಲೆ ಮಗ ವಿವರಿಸಿದ. ಆಂಡ್ರಾಯ್ಡ್ ಫೋನಿನೊಳಗೆ ಲಿನಕ್ಸ್ ಕರ್ನಲ್ ಇರುತ್ತದೆ. ಕರ್ನಲ್ ಅಂದರೆ ಯಂತ್ರ ನಡೆಸುವ ತಂತ್ರಾಂಶದ ತಿರುಳು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ್ದು. ಒಳಗಿನ ಪುಟ್ಟ ತಾಪಮಾಪಕಗಳ ಮೇಲೆ ಅದು ಕಣ್ಣಿಟ್ಟಿರುತ್ತದೆ. ಡಿಗ್ರಿಯ ಸಾವಿರದ ಒಂದು ಪಾಲಿನ ಲೆಕ್ಕ ಅದರದು. 45 ಡಿಗ್ರಿಯನ್ನು 45000 ಎಂದು ತೋರಿಸುತ್ತದೆ!

ನಾವು ಹಾಲು ಕಾಯಿಸುವ ಹಾಗೇ ಇದೂ. ಉಕ್ಕುವ ಸೂಚನೆ ಕಂಡರೆ ಉರಿ ಸಣ್ಣ ಮಾಡ್ತೀವಲ್ಲ, ಹಾಗೆ ಅದು ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ಬಿಸಿ ಗಡಿ ದಾಟಿದ ಸುದ್ದಿಯನ್ನು ಉಳಿದ ತಂತ್ರಾಂಶಕ್ಕೆ ಮುಟ್ಟಿಸುತ್ತದೆ. ಅಲ್ಲಿಂದ ನಮಗೆ ಎಚ್ಚರಿಕೆ. ಕೊನೆಯ ಗಡಿ ಮುಟ್ಟಿದರೆ, ಒಲೆ ಆರಿಸಿದಂತೆ ಫೋನನ್ನೇ ಆರಿಸುತ್ತದೆ.

ಎಚ್ಚರಿಕೆ ಬಂದರೆ ಚಾರ್ಜರ್ ತೆಗೆಯಿರಿ, ಮೇಲಿನ ಕವರ್ ಬಿಚ್ಚಿ, ನೆರಳಲ್ಲಿ ಗಾಳಿಗಿಡಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಒಳಗೆ ನೀರಿನ ಪಸೆ ಕೂತು ಕೆಟ್ಟೀತು.

ಫೋನು ಕೆಟ್ಟಿತೆಂದು ಬೈದೆ. ಪಾಪ, ಅದು ಮೊದಲೇ ಹೇಳಿತ್ತು. ಕೇಳದೆ ಒರೆಸಿ ಹಾಕಿದವಳು ನಾನೇ.